ಸದಾಶಿವಗಡದ ಮಗ್ಗುಲಲ್ಲಿ ಐದು ರಾತ್ರಿ: ಒಂದು ವಸತಿಗೃಹ, ಅದರ ಜನರಲ್ ಮ್ಯಾನೇಜರ್

ಕಾರವಾರದಿಂದ ಗೋವೆಯ ಕಡೆಗೆ ಹೊರಟು ಕಾಳಿ ನದಿಯನ್ನು ದಾಟಿದೊಡನೆ ಸಿಗುವ ಸದಾಶಿವಗಡದ ಮಗ್ಗುಲಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, 28 ಕೋಣೆಗಳ ಒಂದು ವಸತಿಗೃಹವಿದೆ. 2025ರ ಜುಲೈ 15ರ ಮಂಗಳವಾರದಿಂದ 20ರ ಭಾನುವಾರ ಬೆಳಗಿನವರೆಗೆ ನಾನೂ ನನ್ನ ಪತ್ನಿಯೂ ಅಲ್ಲಿ ತಂಗಿದ್ದೆವು. ಕೋಣೆ, ಊಟ, ನೀರು, ಹಾಸಿಗೆ ಇವುಗಳ ಬಗ್ಗೆ ಹೇಳುವುದಿದೆ, ಹೇಳುತ್ತೇನೆ. ಆದರೆ ಮೂವತ್ತೊಂದು ವರ್ಷ ಹೋಟೆಲುಗಳಲ್ಲಿ ದುಡಿದು, ಅದರಲ್ಲಿ ಕೊನೆಯ ಹನ್ನೆರಡು ವರ್ಷ ಜನರಲ್ ಮ್ಯಾನೇಜರ್ ಆಗಿದ್ದ ನನಗೆ ಯಾವುದೇ ವಸತಿಗೃಹಕ್ಕೆ ಹೋದರೂ ಕಣ್ಣು ಮೊದಲು ಹೋಗುವುದು ಆ ಹುದ್ದೆಯಲ್ಲಿರುವವರ ಕೆಲಸದ ಕಡೆಗೆ. ಅಲ್ಲಿ ನನಗೆ ಮೆಚ್ಚುಗೆಯಾದದ್ದರಲ್ಲಿ ಬಹುಪಾಲಿಗೆ ಒಬ್ಬರೇ ಕಾರಣ. ಬೇಸರವಾದ ಒಂದು ಸಂಗತಿಯ ಬೇರೂ ಅವರ ಕೆಲಸದ ರೀತಿಯಲ್ಲೇ ಇತ್ತು. ವಸತಿಗೃಹದ ಹೆಸರನ್ನು ಬರೆಯುತ್ತಿಲ್ಲ. ಅವರು ಮನಬಿಚ್ಚಿ ಮಾತನಾಡಿದ್ದು ಒಬ್ಬ ಅತಿಥಿಯೊಂದಿಗೆ, ಬರೆಯುವವನೊಂದಿಗಲ್ಲ.

ನಾವು ಶಿರಸಿಯಿಂದ ಹೊರಡುವ ಮುನ್ನಾದಿನ ಸಂಜೆ ವಸತಿಗೃಹದಿಂದ ಒಂದು ಕರೆ ಬಂತು. ಯಾವ ದಾರಿಯಲ್ಲಿ ಬರುತ್ತೀರಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಕೇಳಿದ ಹುಡುಗಿ, ದೇವಿಮನೆ ಘಟ್ಟದಲ್ಲಿ ಆ ಹೊತ್ತಿಗೆ ಮಳೆ ಹೇಗಿದೆ, ಕುಮಟಾದಿಂದ ಈಚೆಗೆ ಹೆದ್ದಾರಿ ಹೇಗಿದೆ ಎಂಬುದನ್ನು ತಾನೇ ತಿಳಿಸಿದಳು. ಇದು ಸೌಜನ್ಯದ ಮಾತಷ್ಟೇ ಎಂದುಕೊಂಡಿದ್ದೆ. ಮರುದಿನ ಸ್ವಾಗತ ಕಟ್ಟೆಯ ಹಿಂದೆ ಒಂದು ಹಲಗೆಯ ಮೇಲೆ ದೇವಿಮನೆ, ಅರಬೈಲು, ಅಣಶಿ ಎಂದು ಮೂರು ಘಟ್ಟಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ಬೆಳಿಗ್ಗೆ ಮತ್ತು ಸಂಜೆಯ ಸ್ಥಿತಿಯನ್ನು ಸೀಮೆಸುಣ್ಣದಿಂದ ಗುರುತಿಸಿದ್ದನ್ನು ಕಂಡಾಗ ಅದೊಂದು ಪದ್ಧತಿ ಎಂದು ಅರ್ಥವಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಯಿತು. ಮೂರು ವಾರ ಕಳೆಯುತ್ತಿದ್ದಂತೆಯೇ, ಆಗಸ್ಟ್ 7ರ ನಡುರಾತ್ರಿಯ ಬಳಿಕ, ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಅಂದಿನಿಂದ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯ ಮೇಲೆಯೇ ಓಡಾಡುತ್ತಿವೆ. ಈ ಎರಡು ಘಟನೆಗಳನ್ನು ಕರಾವಳಿಯವರೆಲ್ಲ ದುಃಖದಿಂದ ನೆನೆಯುತ್ತೇವೆ. ಈ ವಸತಿಗೃಹದ ಮ್ಯಾನೇಜರರು ಅವುಗಳಿಂದ ಎರಡು ಕೆಲಸಗಳನ್ನು ಕಲಿತುಕೊಂಡಿದ್ದಾರೆ. ಒಂದು, ಈ ಹಲಗೆ. ಇನ್ನೊಂದು, ರಾತ್ರಿ ಪಾಳಿಯಲ್ಲಿ ಕನಿಷ್ಠ ಮೂವರಾದರೂ ನದಿಯ ಈಚೆಗೆ ಮನೆಯಿರುವವರೇ ಆಗಿರಬೇಕೆಂಬ ನಿಯಮ, ಏಕೆಂದರೆ ಸೇತುವೆ ಮುಚ್ಚಿದ ರಾತ್ರಿ ಕಾರವಾರ ಪೇಟೆಯಿಂದ ಯಾರೂ ಬರಲಾರರು. ಪಾಳಿಯ ಪಟ್ಟಿ ಬರೆಯುವಾಗ ನದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಹೋಟೆಲು ನಿರ್ವಹಣೆಯ ಯಾವ ಪಾಠದಲ್ಲೂ ನಾನು ಕೇಳಿರಲಿಲ್ಲ.

ಕೋಣೆಯ ವಿಷಯಕ್ಕೆ ಬರುತ್ತೇನೆ. ನಮಗೆ ಸಿಕ್ಕಿದ್ದು ಎರಡನೆಯ ಮಹಡಿಯಲ್ಲಿ, ಪಡುವಣ ಮುಖದ್ದು. ಕಿಟಕಿಯಿಂದ ಕಾಳಿ ಸಮುದ್ರ ಸೇರುವ ನೋಟ ಸೊಗಸಾಗಿದೆ. ಆದರೆ ಮಳೆಗಾಲದ ಗಾಳಿ ಬೀಸುವುದು ಅದೇ ದಿಕ್ಕಿನಿಂದ, ಮತ್ತು ಚಿರೇಕಲ್ಲಿನ ಗೋಡೆ ಎಷ್ಟು ಗಿಲಾವು ಮಾಡಿದರೂ ಒಂದಿಷ್ಟು ನೀರನ್ನು ಒಳಗೆ ಬಿಟ್ಟೇ ಬಿಡುತ್ತದೆ. ಕಿಟಕಿಯ ಕೆಳಗೆ ಒದ್ದೆಯ ಕಲೆಯಿತ್ತು. ಸ್ನಾನದ ಮನೆಯ ಬಾಗಿಲು ತೇವಕ್ಕೆ ಊದಿಕೊಂಡು ಮುಚ್ಚಲು ಬಲ ಬೇಕಾಗುತ್ತಿತ್ತು. ಬುಧವಾರ ಬೆಳಿಗ್ಗೆ ಹೇಳಿದೆ, ಮಧ್ಯಾಹ್ನ ಬಡಗಿ ಬಂದು ಅಂಚನ್ನು ಉಜ್ಜಿ ಸರಿಮಾಡಿದರು. ಹಾಸಿಗೆಯ ಬಟ್ಟೆ ಮಾತ್ರ ಐದೂ ದಿನ ಗರಿಗರಿಯಾಗಿ ಒಣಗಿತ್ತು, ಸ್ವಲ್ಪವೂ ಮುಗ್ಗಲು ವಾಸನೆಯಿರಲಿಲ್ಲ. ಜುಲೈ ತಿಂಗಳ ಕಾರವಾರದಲ್ಲಿ ಇದು ಸಣ್ಣ ಸಾಧನೆಯಲ್ಲ. ಸಾಮಾನ್ಯವಾಗಿ ಹೋಟೆಲುಗಳಲ್ಲಿ ಒಂದು ಹಾಸಿಗೆಗೆ ಮೂರು ಜೊತೆ ಬಟ್ಟೆ ಎಂಬ ಲೆಕ್ಕವಿರುತ್ತದೆ: ಒಂದು ಹಾಸಿಗೆಯ ಮೇಲೆ, ಒಂದು ತೊಳೆಯುವಲ್ಲಿ, ಒಂದು ಕಪಾಟಿನಲ್ಲಿ. ಬಟ್ಟೆ ಒಣಗಲು ಎರಡು ದಿನ ಹಿಡಿಯುವ ಊರಿನಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಇಲ್ಲಿ ಜೂನ್ ಬರುವ ಮೊದಲೇ ಐದು ಜೊತೆಗೆ ಏರಿಸಿ, ಜನರೇಟರ್ ಕೋಣೆಯ ಪಕ್ಕದ ಬಿಸಿಗಾಳಿಯಿರುವ ಜಾಗವನ್ನು ಬಟ್ಟೆ ಆರಿಸಲು ಮೀಸಲಿಟ್ಟಿದ್ದಾರೆ. ಆ ಹಣವನ್ನು ಮಾಲೀಕರಿಂದ ಒಪ್ಪಿಸಿಕೊಳ್ಳಬೇಕಾದರೆ ಏಪ್ರಿಲ್ ತಿಂಗಳಲ್ಲೇ, ಬಿಸಿಲು ಉರಿಯುತ್ತಿರುವಾಗ, ಕಾಗದದ ಮೇಲೆ ಲೆಕ್ಕ ಇಟ್ಟು ಕೇಳಬೇಕು. ಜನರಲ್ ಮ್ಯಾನೇಜರಿಗೆ ಬೇಕಾದ ಮುಂದಾಲೋಚನೆ ಎಂದರೆ ನನ್ನ ಮಟ್ಟಿಗೆ ಇದು.

ಊಟದ ಮನೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಹೆದ್ದಾರಿಯ ಬದಿಯ ಎಷ್ಟೋ ಹೋಟೆಲುಗಳು ಮೀನಿನ ಪಟ್ಟಿಯನ್ನು ಹಾಗೆಯೇ ಉಳಿಸಿಕೊಂಡು, ಶೀತಲೀಕರಿಸಿದ್ದನ್ನು ತಾಜಾ ಎಂದು ಬಡಿಸುವುದನ್ನು ನೋಡಿದ್ದೇನೆ. ಇಲ್ಲಿ ಊಟದ ಮನೆಯ ಬಾಗಿಲಲ್ಲಿ ದಿನಕ್ಕೊಂದು ಸಣ್ಣ ಫಲಕ ಹಾಕುತ್ತಾರೆ. ಬುಧವಾರ ಅದರಲ್ಲಿ ಇದ್ದದ್ದು ಮೂರೇ: ಹಿನ್ನೀರಿನ ತಿಸ್ರೆ ಎಂಬ ಚಿಪ್ಪುಮೀನು, ನಾಡದೋಣಿಯವರು ತಂದ ಸಣ್ಣ ಸಿಗಡಿ, ಮತ್ತು "ಪೂರ್ವ ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬಂದ ಇಸ್ವಾಣ", ಅಂದರೆ ಅಂಜಲ್ ಮೀನು. ಬಂಗಾಳ ಕೊಲ್ಲಿಯ ಕಡೆ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ ಜುಲೈನಲ್ಲಿ ಅಲ್ಲಿಯ ಮೀನು ಲಾರಿಯಲ್ಲಿ ಇತ್ತ ಬರುತ್ತದೆ. ಅದನ್ನು ಮುಚ್ಚಿಡದೆ ಬರೆದದ್ದು ನನಗೆ ಬಹಳ ಹಿಡಿಸಿತು. ತಿಸ್ರೆಯ ಸುಕ್ಕೆ ಮರಳಿಲ್ಲದೆ, ಹದವಾದ ಕಾಯಿತುರಿಯಲ್ಲಿ ಬಂತು, ಜೊತೆಗಿನ ಸೋಲ್ ಕಡಿ ಎಂಬ ಪಾನೀಯದಲ್ಲಿ ಮುರುಗಲಿನ ಹುಳಿ ನಿಜವಾಗಿಯೂ ಇತ್ತು. ಇಸ್ವಾಣದ ತುಂಡು ಸಪ್ಪೆಯೆನಿಸಿತು, ಆದರೆ ಫಲಕವೇ ಅದನ್ನು ಹೇಳಿತ್ತು. ಸಸ್ಯಾಹಾರಿಯಾದ ನನ್ನ ಪತ್ನಿಗೆ ಪ್ರತ್ಯೇಕ ಪಾತ್ರೆಯಲ್ಲಿ ಅಡುಗೆ ಮಾಡಿದ್ದರು. ಗುರುವಾರ ಆಕೆ ಕೇಳಿದ ತಂಬುಳಿ ಶಿರಸಿಯ ನಮ್ಮ ಮನೆಯದ್ದಕ್ಕೆ ಸಮನಾಗಿರಲಿಲ್ಲವಾದರೂ, ಕೇಳಿದ ಅರ್ಧ ಗಂಟೆಯಲ್ಲಿ ಮಾಡಿಕೊಟ್ಟರು. ಬೆಳಗಿನ ಬನ್ಸ್ ಮತ್ತು ಪಾತಳ ಭಾಜಿ ಎಂಟೂವರೆಗೆ ಹೋದವರಿಗೆ ಬಿಸಿಯಾಗಿ ಸಿಗುತ್ತದೆ, ಒಂಬತ್ತೂವರೆಯ ಬಳಿಕ ತಣ್ಣಗಾಗಿರುತ್ತದೆ.

ಗುರುವಾರ ಸಂಜೆ ಮಳೆ ಸ್ವಲ್ಪ ತಗ್ಗಿದಾಗ ಜಗಲಿಯಲ್ಲಿ ಮ್ಯಾನೇಜರರು ಸಿಕ್ಕಿದರು. ನಲವತ್ತರ ಆಸುಪಾಸಿನ ವಯಸ್ಸು. ಸ್ವಾಗತ ಕಟ್ಟೆಯಲ್ಲಿ ಗೋವೆಯ ಅತಿಥಿಗಳೊಂದಿಗೆ ಕೊಂಕಣಿಯಲ್ಲಿ, ಬೆಳಗಾವಿಯವರೊಂದಿಗೆ ಮರಾಠಿಯಲ್ಲಿ, ಒಡಿಶಾದಿಂದ ಬಂದ ಅಡುಗೆ ಸಹಾಯಕರೊಂದಿಗೆ ಹಿಂದಿಯಲ್ಲಿ ಮಾತನಾಡುವುದನ್ನು ಕೇಳಿದ್ದೆ, ನನ್ನೊಂದಿಗೆ ಅಚ್ಚ ಕನ್ನಡದಲ್ಲಿ ಮಾತಿಗೆ ಕೂತರು. ಅವರು ಈ ಕೆಲಸಕ್ಕೆ ಬಂದದ್ದು ಲೆಕ್ಕಪತ್ರದ ಕಡೆಯಿಂದ. ಅಡುಗೆಮನೆ ಗೊತ್ತಿಲ್ಲದ ಮ್ಯಾನೇಜರನನ್ನು ಅಡುಗೆಯವರು ಒಂದು ವಾರದಲ್ಲಿ ಅಳೆದುಬಿಡುತ್ತಾರೆಂದು ತಿಳಿದು, ಮೊದಲ ಮೂರು ತಿಂಗಳು ದಿನವೂ ಬೆಳಗಿನ ಜಾವ ಬಾಣಸಿಗರೊಂದಿಗೆ ಮೀನು ಮಾರುಕಟ್ಟೆಗೆ ಹೋಗುತ್ತಿದ್ದರಂತೆ. ಒಂದು ಕಿಲೋ ಇಸ್ವಾಣ ತಂದರೆ ತಲೆ, ಬಾಲ, ಹೊಟ್ಟೆಯ ಭಾಗ ತೆಗೆದ ಮೇಲೆ ಬಾಣಲೆಗೆ ಬರುವುದು ಮುಕ್ಕಾಲು ಕಿಲೋಗಿಂತ ಕಡಿಮೆ. ಆ ಕಡಿತವನ್ನು ಕೈಯಲ್ಲಿ ತೂಗಿ ನೋಡದವರು ತಟ್ಟೆಯ ಬೆಲೆಯನ್ನು ಸರಿಯಾಗಿ ಕಟ್ಟಲಾರರು. ಇದನ್ನು ಅವರು ಹೇಳಿದ ರೀತಿಯಲ್ಲಿ ಕಲಿತವರ ಖಚಿತತೆಯಿತ್ತು.

ಲೆಕ್ಕದ ಮಾತು ಮುಂದುವರಿಯಿತು. ಹೊರಗಿನವರು ವಸತಿಗೃಹ ತುಂಬಿದೆಯೇ ಎಂದು ಮಾತ್ರ ಕೇಳುತ್ತಾರೆ, ಆದರೆ ಈ ಹುದ್ದೆಯವರು ದಿನವೂ ನೋಡಬೇಕಾದದ್ದು ಇರುವ ಅಷ್ಟೂ ಕೋಣೆಗಳಿಗೆ ಹಂಚಿದಾಗ ಒಂದೊಂದಕ್ಕೆ ಎಷ್ಟು ಹುಟ್ಟುವಳಿ ಬಿತ್ತು ಎಂಬುದನ್ನು. ಆ ವಾರದ್ದನ್ನೇ ತೆಗೆದುಕೊಳ್ಳಿ: ಬುಧವಾರ 9 ಕೋಣೆಗಳು 2,400 ರೂಪಾಯಿಯಂತೆ ಹೋದರೆ ಒಟ್ಟು 21,600, ಅದನ್ನು 28ಕ್ಕೆ ಹಂಚಿದರೆ ಕೋಣೆಯೊಂದಕ್ಕೆ ಸುಮಾರು 771. ಶನಿವಾರ 25 ಕೋಣೆಗಳು 3,000ದಂತೆ ಹೋದರೆ 75,000, ಅಂದರೆ ಕೋಣೆಗೆ ಸುಮಾರು 2,679. ಸಂಬಳ, ಕನಿಷ್ಠ ವಿದ್ಯುತ್ ಶುಲ್ಕ, ಸಾಲದ ಕಂತು ಇವು ಬುಧವಾರಕ್ಕೂ ಶನಿವಾರಕ್ಕೂ ಒಂದೇ. ಹಾಗೆಂದು ಬುಧವಾರ ಬೆಲೆಯನ್ನು ತೀರ ಇಳಿಸಿದರೆ, ಇಳಿದ ಬೆಲೆಯನ್ನೇ ಜನ ನಿಜವಾದ ಬೆಲೆಯೆಂದು ನೆನಪಿಟ್ಟುಕೊಳ್ಳುತ್ತಾರೆ. ಅವರು ಬೆಲೆ ಇಳಿಸುವ ಬದಲು ವಾರದ ನಡುವೆ ಬರುವವರಿಗೆ ಒಂದು ಹೊತ್ತಿನ ಊಟವನ್ನು ಸೇರಿಸಿ ಕೊಡುತ್ತಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಈಗ ಶುಕ್ರವಾರದ ಸಂಗತಿ. ಅದು ಅವರ ವಾರದ ರಜೆಯ ದಿನ. ಸಂಜೆ ಏಳರ ಹೊತ್ತಿಗೆ ಹೆಸ್ಕಾಂನ ವಿದ್ಯುತ್ ಹೋಯಿತು. ಜನರೇಟರ್ ತಾನಾಗಿಯೇ ಚಾಲೂ ಆಯಿತು, ಆದರೆ ಎರಡನೆಯ ಮಹಡಿಗೆ ನೀರು ಏರಿಸುವ ಪಂಪು ನಿಂತೇ ಉಳಿಯಿತು. ವಿದ್ಯುತ್ ಕೆಲಸದವರು ಹತ್ತು ನಿಮಿಷದಲ್ಲಿ ದೋಷವನ್ನು ಕಂಡುಹಿಡಿದರು. ಬೇಕಾಗಿದ್ದದ್ದು 1,800 ರೂಪಾಯಿಯ ಒಂದು ಬಿಡಿಭಾಗ, ಅದು ಕಾರವಾರದ ಅಂಗಡಿಯೊಂದರಲ್ಲಿ ಎಂಟು ಗಂಟೆಯವರೆಗೆ ಸಿಗುತ್ತಿತ್ತು. ಸ್ವಾಗತ ಕಟ್ಟೆಯವರಿಗೆ 500 ರೂಪಾಯಿಗಿಂತ ಹೆಚ್ಚು ತೆಗೆದುಕೊಡುವ ಅಧಿಕಾರವಿಲ್ಲ. ಮ್ಯಾನೇಜರರ ಫೋನು ಸಂಪರ್ಕಕ್ಕೆ ಸಿಗಲಿಲ್ಲ. ಎರಡನೆಯ ಮಹಡಿಯ ಆರು ಕುಟುಂಬಗಳು ಒಂಬತ್ತೂಕಾಲಿನವರೆಗೆ ನೀರಿಲ್ಲದೆ ಕಳೆದವು. ಒಂದು ಕೋಣೆಯಲ್ಲಿ ಎಂಟು ತಿಂಗಳ ಮಗುವಿತ್ತು. ಹುಡುಗರು ಬಕೆಟ್ಟಿನಲ್ಲಿ ನೀರು ಹೊತ್ತು ಮಹಡಿ ಹತ್ತಿದರು, ಕ್ಷಮೆ ಕೇಳಿದರು, ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಕೊನೆಗೆ ಅಡುಗೆಮನೆಯ ಹಿರಿಯರೊಬ್ಬರು ತಮ್ಮ ಜೇಬಿನಿಂದ ಹಣ ಕೊಟ್ಟು, ಅಂಗಡಿಯವರನ್ನು ಮನೆಯಿಂದ ಕರೆಸಿ, ಬಿಡಿಭಾಗ ತರಿಸಿದರು. ಅಷ್ಟು ಒಳ್ಳೆಯ ಸಿಬ್ಬಂದಿಯ ಕೈಯನ್ನು ಒಂದು ಸಣ್ಣ ನಿಯಮ ಎರಡು ಗಂಟೆ ಕಟ್ಟಿಹಾಕಿದ್ದನ್ನು ನೋಡಿ ನನಗೆ ನಿಜವಾಗಿಯೂ ನೋವಾಯಿತು.

ಶನಿವಾರ ಬೆಳಿಗ್ಗೆ ಮ್ಯಾನೇಜರರು ಬಂದವರೇ ಮೊದಲು ಆ ಹಿರಿಯರಿಗೆ ಹಣ ಮರಳಿಸಿದರು, ಆಮೇಲೆ ಆರೂ ಕೋಣೆಗಳಿಗೆ ಒಬ್ಬರೇ ಹೋಗಿ ನಡೆದದ್ದನ್ನು ಮುಚ್ಚಿಡದೆ ಹೇಳಿ ಕ್ಷಮೆ ಕೇಳಿದರು. ಆ ರಾತ್ರಿಯ ಊಟದ ಹಣವನ್ನು ನಮ್ಮೆಲ್ಲರ ಬಿಲ್ಲಿನಿಂದ ತೆಗೆದರು. ಎಂಟೂವರೆಯ ಸಭೆ ಊಟದ ಮನೆಯ ಮೂಲೆಯಲ್ಲೇ ನಡೆಯುವುದರಿಂದ ನನ್ನ ಕಿವಿಗೂ ಬಿತ್ತು. ಅಲ್ಲಿ ಅವರು ಯಾರನ್ನೂ ಬೈಯಲಿಲ್ಲ, ಪಾಳಿಯ ಪುಸ್ತಕವನ್ನು ತೆಗೆದು, ಎಷ್ಟು ಹೊತ್ತಿಗೆ ಏನಾಯಿತು ಎಂಬುದನ್ನು ಪ್ರತಿಯೊಬ್ಬರ ಬಾಯಿಂದ ಕೇಳಿ ಬರೆದುಕೊಂಡರು.

ಅದೇ ದಿನ ಅವರ ಕೌಶಲ್ಯದ ಇನ್ನೊಂದು ಮುಖವನ್ನೂ ಕಂಡೆ. ರಾತ್ರಿಯ ಮಳೆಗೆ ಪಡುವಣ ಬದಿಯ ಮೂರು ಕೋಣೆಗಳು ಸೋರಿ, ಕೊಡಲು ಯೋಗ್ಯವಾದವು 25 ಮಾತ್ರ ಉಳಿದಿದ್ದವು, ಮುಂಗಡ ಮಾಡಿದವರು 27. ಹನ್ನೊಂದು ಗಂಟೆಯೊಳಗೆ ಅವರು ಹುಬ್ಬಳ್ಳಿಯ ಕಡೆಯಿಂದ ಬರುತ್ತಿದ್ದ ಎರಡು ಕುಟುಂಬಗಳಿಗೆ ಫೋನು ಮಾಡಿದರು. ಅವರಿನ್ನೂ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದಿರಲಿಲ್ಲ. ಸೋರಿಕೆಯ ವಿಷಯ ಹೇಳಿ, ಪೇಟೆಯ ಇನ್ನೊಂದು ವಸತಿಗೃಹದಲ್ಲಿ ಕೋಣೆ ನಿಗದಿ ಮಾಡಿರುವುದನ್ನೂ, ಬೆಲೆಯ ವ್ಯತ್ಯಾಸವನ್ನು ತಾವೇ ಭರಿಸುವುದನ್ನೂ ತಿಳಿಸಿ, ಬೇಡವೆಂದರೆ ಮುಂಗಡವನ್ನು ಆ ಕ್ಷಣವೇ ಮರಳಿಸುವುದಾಗಿ ಹೇಳಿದರು. ಎರಡೂ ಕುಟುಂಬಗಳು ಒಪ್ಪಿದವು. ಈ ಮಾತನ್ನು ಸಂಜೆ ಸಾಮಾನು ಇಳಿಸಿಕೊಂಡು ಮಳೆಯಲ್ಲಿ ನಿಂತವರಿಗೆ ಹೇಳಿದ್ದರೆ ಜಗಳವಾಗುತ್ತಿತ್ತು. ಕೆಟ್ಟ ಸುದ್ದಿಯನ್ನು ಬೇಗ, ತಾನೇ, ಪರಿಹಾರವನ್ನು ಕೈಯಲ್ಲಿ ಹಿಡಿದು ಹೇಳಲು ಧೈರ್ಯ ಬೇಕು. ನಾನು ಕಂಡ ಎಷ್ಟೋ ಮ್ಯಾನೇಜರರು ಇಂಥ ಕರೆಯನ್ನು ಕಿರಿಯರ ಕೈಯಲ್ಲಿ ಮಾಡಿಸಿ ತಾವು ಕೋಣೆಯಲ್ಲಿ ಕೂರುತ್ತಿದ್ದರು.

ಮಧ್ಯಾಹ್ನ ನಾನಾಗಿಯೇ ಹೋಗಿ 500 ರೂಪಾಯಿಯ ಮಿತಿಯ ಬಗ್ಗೆ ಕೇಳಿದೆ. ಅವರು ಬರುವ ಮೊದಲು ಕಟ್ಟೆಯ ಹಣ ದುರುಪಯೋಗವಾಗಿತ್ತಂತೆ, ಮಾಲೀಕರು ಹಾಕಿದ ಆ ಮಿತಿಯನ್ನು ಅವರು ಬದಲಿಸಿರಲಿಲ್ಲ. ಬದಲಿಸದಿರಲು ಇನ್ನೊಂದು ಕಾರಣವನ್ನೂ ಅವರೇ ಒಪ್ಪಿಕೊಂಡರು: ಎಲ್ಲವೂ ತಮ್ಮ ಮೂಲಕವೇ ಹೋದರೆ ತಪ್ಪುಗಳು ಕಡಿಮೆಯಾಗುತ್ತವೆ ಎಂಬ ನಂಬಿಕೆ. ಈ ನಂಬಿಕೆ ನನಗೆ ಹೊಸದಲ್ಲ. ನಾನು ಆ ಹುದ್ದೆಗೆ ಬಂದ ಹೊಸತರಲ್ಲಿ ಮೂರು ವರ್ಷ ಹೀಗೆಯೇ ನಡೆಸಿದೆ. ತಂಗಿಯ ಮದುವೆಯ ಮಂಟಪದಲ್ಲಿ ನಿಂತು ಗ್ಯಾಸ್ ಸಿಲಿಂಡರಿಗೆ ಅನುಮತಿ ಕೊಟ್ಟ ದಿನ ಇದು ಸರಿಯಲ್ಲವೆಂದು ತಿಳಿದು, ಆಮೇಲೆ ಅಧಿಕಾರವನ್ನು ಹಂಚಲು ಕಲಿತೆ. ಲೆಕ್ಕ, ಭಾಷೆ, ಖರೀದಿ, ಕಾನೂನು ಇವೆಲ್ಲ ಕಲಿಯಬಹುದಾದ ವಿದ್ಯೆಗಳು. ಕೈಕೆಳಗಿನವರು ತನ್ನ ಗೈರಿನಲ್ಲಿ ನಿರ್ಧಾರ ತೆಗೆದುಕೊಳ್ಳಲಿ ಎಂದು ಬಿಟ್ಟುಕೊಡುವುದು ಅದಕ್ಕಿಂತ ಕಷ್ಟದ್ದು, ಏಕೆಂದರೆ ಅವರು ಮಾಡುವ ತಪ್ಪಿಗೆ ಮಾಲೀಕರ ಮುಂದೆ ಉತ್ತರ ಹೇಳಬೇಕಾದವರು ಇವರೇ. ನನ್ನ ಸಲಹೆಯನ್ನು ನೇರವಾಗಿ ಹೇಳಿದೆ: ಸ್ವಾಗತ ಕಟ್ಟೆಗೆ 3,000 ರೂಪಾಯಿ, ಪಾಳಿಯ ಹಿರಿಯರಿಗೆ 10,000 ರೂಪಾಯಿವರೆಗೆ, ನೀರು, ವಿದ್ಯುತ್ತು, ಅತಿಥಿಯ ಆರೋಗ್ಯ ಈ ಮೂರಕ್ಕೆ ಮಾತ್ರ, ಮರುದಿನ ಬೆಳಿಗ್ಗೆ ರಸೀದಿಯೊಂದಿಗೆ ಲೆಕ್ಕ. ರಸೀದಿ ಇಲ್ಲದಿದ್ದರೆ ಏನು ಮಾಡುವುದು, ಮಾಲೀಕರಿಗೆ ಹೇಗೆ ಹೇಳುವುದು ಎಂದು ಅವರು ಒಂದು ಗಂಟೆ ನನ್ನನ್ನು ಬಿಡದೆ ಕೇಳಿದರು. ಟಿಪ್ಪಣಿ ಬರೆದುಕೊಂಡರು. ತಮ್ಮ ಕೆಲಸದ ಕೊರತೆಯನ್ನು ಅತಿಥಿಯ ಬಾಯಿಂದ ಕೇಳಿ ಮುಖ ಸಪ್ಪಗೆ ಮಾಡದೆ ಪ್ರಶ್ನೆ ಕೇಳುವವರನ್ನು ನಾನು ಈ ವೃತ್ತಿಯಲ್ಲಿ ಹೆಚ್ಚು ಕಂಡಿಲ್ಲ.

ಬಿಲ್ಲು ಸ್ವಚ್ಛವಾಗಿತ್ತು. ನಾಲ್ಕು ರಾತ್ರಿ 2,400ರಂತೆ, ಶನಿವಾರದ್ದು 3,000, ಒಟ್ಟು 12,600, ಅದರ ಮೇಲೆ ಆಗ ಇದ್ದ 12 ಪ್ರತಿಶತ ಜಿಎಸ್‌ಟಿ 1,512 ಸೇರಿ 14,112 ರೂಪಾಯಿ. ಊಟದ ಬಿಲ್ಲು ಬೇರೆ. ಸೇವಾ ಶುಲ್ಕವನ್ನು ಸೇರಿಸಿರಲಿಲ್ಲ. ಅದನ್ನು ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು 2022ರಲ್ಲೇ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದ್ದರೂ ಸೇರಿಸುವವರು ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ತೆರಿಗೆ 5 ಪ್ರತಿಶತಕ್ಕೆ ಇಳಿದಿದೆ, ಆದರೆ ಹೋಟೆಲಿನವರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಅಂದರೆ ಎಸಿ ಯಂತ್ರಕ್ಕೂ ಹಾಸಿಗೆ ಬಟ್ಟೆಗೂ ಕಟ್ಟಿದ ತೆರಿಗೆಯನ್ನು ಅತಿಥಿಯಿಂದ ಪಡೆದ ತೆರಿಗೆಯಲ್ಲಿ ಕಳೆಯುವಂತಿಲ್ಲ. ಮುಂದೆ ಹೋಗುವವರು ಮೂಲ ಬೆಲೆ ಸ್ವಲ್ಪ ಏರಿದ್ದನ್ನು ಕಂಡರೆ ಈ ಲೆಕ್ಕವನ್ನೂ ನೆನಪಿಡಬೇಕು.

ಮಳೆಗಾಲದಲ್ಲಿ ಹೋಗುವವರು ನೋಟದ ಆಸೆ ಬಿಟ್ಟು ಮೊದಲ ಮಹಡಿಯ ಮೂಡಣ ಬದಿಯ ಕೋಣೆಯನ್ನು ಕೇಳಿ ಪಡೆಯಿರಿ, ಪಡುವಣ ಬದಿಯನ್ನು ನವೆಂಬರ್ ನಂತರಕ್ಕೆ ಇಟ್ಟುಕೊಳ್ಳಿ. ತಿಂಡಿಗೆ ಎಂಟೂವರೆಯೊಳಗೆ ಇಳಿಯಿರಿ. ಮೀನು ಇಷ್ಟವಿದ್ದವರು ಆಗಸ್ಟ್ ಎರಡನೆಯ ವಾರದ ಬಳಿಕ ಹೋದರೆ ಫಲಕದಲ್ಲಿ ಹೆಸರುಗಳು ಹೆಚ್ಚಿರುತ್ತವೆ. ಶುಕ್ರವಾರ ಅಲ್ಲಿರುವವರು ಸ್ವಾಗತ ಕಟ್ಟೆಯಲ್ಲಿ, ಇಂದು ನಿರ್ಧಾರ ತೆಗೆದುಕೊಳ್ಳುವವರು ಯಾರು ಎಂದು ಕೇಳಿ ಹೆಸರು ತಿಳಿದುಕೊಳ್ಳಿ. ನಾವು ಡಿಸೆಂಬರಿಗೆ ಮೂರು ರಾತ್ರಿಗೆ ಮುಂಗಡ ಕೊಟ್ಟು ಬಂದಿದ್ದೇವೆ, ಅದರಲ್ಲಿ ಒಂದು ಶುಕ್ರವಾರ.